ಟೊರಾಂಟೊಗೆ ಹೊರಟವರಿಗೆ: ಮನೆ ಹುಡುಕುವ ಮೊದಲು ಈ ರಸ್ತೆಯ ಕಥೆ ಕೇಳಿ

ಟೊರಾಂಟೊದಿಂದ ರಜೆಗೆ ಧಾರವಾಡಕ್ಕೆ ಬಂದಿದ್ದೇನೆ. ನಮ್ಮ ಪಕ್ಕದ ಮನೆಯ ಹುಡುಗಿ ಸೆಪ್ಟೆಂಬರ್‌ಗೆ ಟೊರಾಂಟೊಗೆ ಓದಲು ಹೋಗುತ್ತಿದ್ದಾಳೆ. ಮೊನ್ನೆ ಇಬ್ಬರೂ ರಸ್ತೆ ನಡುವಿನ ಬೇರೆ ಪಟ್ಟಿಯಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆವು. ಉಣಕಲ್ ಹತ್ತಿರ ಬಂದಾಗ ಫೋನ್ ಮುಂದೆ ಹಿಡಿದಳು. "ಕಾಕಾ, ಈ ಮನಿ ಛಲೋ ಐತೇನ್ರಿ? ದೊಡ್ಡ ರೋಡಿಗೆ ಹತ್ರನ ಐತಿ."

ಆ ದೊಡ್ಡ ರೋಡು ಅಲೆನ್ ರೋಡ್. ನಮ್ಮ ಕಡೆಯಿಂದ ಬರುವ ಸುಮಾರು ಜನ ಮೋಸ ಹೋಗುವುದು ಇದನ್ನು ನೋಡಿಯೇ. ನಕ್ಷೆಯಲ್ಲಿ ದಪ್ಪ ಗೆರೆ. 401 ಹೆದ್ದಾರಿಯಿಂದ ನೇರ ದಕ್ಷಿಣಕ್ಕೆ, ಪೇಟೆಯ ಕಡೆಗೆ ಇಳಿಯುತ್ತದೆ. ಆದರೆ ಎಗ್ಲಿಂಟನ್ ಅವೆನ್ಯೂ ಹತ್ತಿರ ಬಂದು ಸಿಗ್ನಲ್‌ನಲ್ಲಿ ಮುಗಿದೇ ಹೋಗುತ್ತದೆ. ಪೇಟೆ ಇನ್ನೂ ಆರೇಳು ಕಿಲೋಮೀಟರ್ ಆಚೆ ಇರುತ್ತದೆ.

ಇದು ಸ್ಪಡೈನಾ ಎಕ್ಸ್‌ಪ್ರೆಸ್‌ವೇ ಅಂತ ಶುರುವಾದ ರಸ್ತೆ. ಊರಿನ ನಡುವಿನವರೆಗೂ ಹೋಗಬೇಕಿತ್ತು. ಹೋಗಿದ್ದರೆ ಸೀಡರ್‌ವೇಲ್ ಕಣಿವೆಯ ಹಸಿರು, ಅನೆಕ್ಸ್ ಬಡಾವಣೆಯ ಹಳೆಯ ಮನೆಗಳು ಅದರಡಿ ಹೋಗುತ್ತಿದ್ದವು. ಅಲ್ಲಿನ ಜನ ಸುಮ್ನೆ ಕೂರಲಿಲ್ಲ. ನ್ಯೂಯಾರ್ಕ್‌ನಿಂದ ಬಂದು ನೆಲೆಸಿದ್ದ, ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಕೂಡ ಆ ಹೋರಾಟದಲ್ಲಿದ್ದರು. 1971ರ ಜೂನ್ 3ರಂದು ಒಂಟಾರಿಯೊ ಪ್ರಾಂತ್ಯದ ಮುಖ್ಯಸ್ಥ ಬಿಲ್ ಡೇವಿಸ್ ಆ ಯೋಜನೆಯನ್ನು ನಿಲ್ಲಿಸಿದರು. ಊರು ಕಟ್ಟುವುದು ಕಾರಿಗೋ ಜನಕ್ಕೋ ಎಂಬುದೇ ಅವರ ಪ್ರಶ್ನೆಯಾಗಿತ್ತು. ಕ್ರಾಸ್‌ಟೌನ್, ಸ್ಕಾರ್ಬರೊ ಎಂಬ ಇನ್ನೆರಡು ಎಕ್ಸ್‌ಪ್ರೆಸ್‌ವೇಗಳೂ ಆಗಲಿಲ್ಲ.

ರಸ್ತೆ ನಿಂತರೂ ರೈಲು ನಿಲ್ಲಲಿಲ್ಲ. 1978ರಲ್ಲಿ ಸಬ್‌ವೇ, ಅಂದರೆ ಮೆಟ್ರೊ ರೈಲು ಬಂತು. ವಿಲ್ಸನ್, ಯಾರ್ಕ್‌ಡೇಲ್, ಲಾರೆನ್ಸ್ ವೆಸ್ಟ್, ಗ್ಲೆನ್‌ಕೇರ್ನ್ ಸ್ಟೇಷನ್‌ಗಳು ಅಲೆನ್ ರೋಡಿನ ನಟ್ಟನಡುವೆಯೇ ಇವೆ. ನಮಗೆ ಹೊಸದೇನಲ್ಲ, ಅಲ್ವಾ? ಚಿಗರಿ ಸ್ಟೇಷನ್ ಕೂಡ ರಸ್ತೆ ನಡುವೆಯೇ ಇದೆ. ಉಣಕಲ್‌ನಲ್ಲಿ ಎರಡೂ ಬದಿ ಲಾರಿ, ಕಾರು ನಿಂತಿರುವಾಗ ನಮ್ಮ ಬಸ್ಸು ನಡುವಿನ ಪಟ್ಟಿಯಲ್ಲಿ ಮುಂದೆ ಹೋಯಿತು. "ಅಲ್ಲೂ ಹಿಂಗ ಇರತದ ನೋಡವಾ" ಅಂತ ಅವಳಿಗೆ ಅದನ್ನೇ ತೋರಿಸಿದೆ.

ಮೊದಲ ವರ್ಷ ನಾನು ಗೆಳೆಯರೊಬ್ಬರ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಲಾರೆನ್ಸ್ ದಾಟಿದ ಮೇಲೆ ಕಾರು ಅಲುಗಾಡಲೇ ಇಲ್ಲ. ಗಾಜಿನ ಮೇಲೆ ಹಿಮ, ಒಳಗೆ ಹೀಟರ್ ಸದ್ದು. ಎಡಗಡೆ ಹಳಿಯ ಮೇಲೆ ಒಂದಾದ ಮೇಲೊಂದು ನಾಲ್ಕು ರೈಲು ಹೋದವು. ಕಿಟಕಿಯಲ್ಲಿ ಪುಸ್ತಕ ಓದುತ್ತಾ ಕೂತವರು ಸ್ಪಷ್ಟವಾಗಿ ಕಾಣುತ್ತಿದ್ದರು. ಆ ವಾರವೇ ಬಸ್ಸು, ರೈಲಿನಲ್ಲಿ ಮುಟ್ಟಿಸಿ ದುಡ್ಡು ಕೊಡುವ ಪ್ರೆಸ್ಟೊ ಕಾರ್ಡ್ ತೆಗೆದುಕೊಂಡೆ.

ಆದ್ದರಿಂದ ಮನೆ ಹುಡುಕುವಾಗ ಹೆದ್ದಾರಿ ಎಷ್ಟು ಹತ್ತಿರ ಎಂದು ನೋಡಬೇಡಿ, ಸ್ಟೇಷನ್ ಎಷ್ಟು ಹತ್ತಿರ ಎಂದು ನೋಡಿ. ಟಿಟಿಸಿಯಲ್ಲಿ, ಅಂದರೆ ಟೊರಾಂಟೊದ ನಗರ ಸಾರಿಗೆಯಲ್ಲಿ, ಒಂದು ಸಲ ಕಾರ್ಡ್ ಮುಟ್ಟಿಸಿದರೆ 2 ಗಂಟೆ ಬಸ್ಸು, ಟ್ರಾಮ್, ಸಬ್‌ವೇ ಬದಲಿಸುತ್ತಾ ಓಡಾಡಬಹುದು. ಪಕ್ಕದ ಊರುಗಳಾದ ಬ್ರಾಂಪ್ಟನ್, ಮಿಸ್ಸಿಸಾಗಾದಲ್ಲಿ ಬಾಡಿಗೆ ಕಡಿಮೆ ಎಂದು ಅಲ್ಲಿ ಇರುವವರಿಗೂ ಈಗ ಅನುಕೂಲವಿದೆ. 2024ರ ಫೆಬ್ರವರಿಯಿಂದ ಅಲ್ಲಿನ ಬಸ್ಸಿನಿಂದ ಟಿಟಿಸಿಗೆ ಬದಲಿಸಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ. ಆದರೆ ಸಮಯ ಜಾಸ್ತಿ ಹಿಡಿಯುತ್ತದೆ, ಲೆಕ್ಕ ಹಾಕಿಕೊಳ್ಳಿ.

ಎಲ್ಲ ಕಡೆಗೂ ರೈಲು ಬಂದಿದೆ ಅಂದುಕೊಳ್ಳಬೇಡಿ. ನನಗೆ ಬೇಜಾರಿರುವುದು ಇದೊಂದರ ಬಗ್ಗೆಯೇ. ರಸ್ತೆ ಬೇಡ ಎಂದದ್ದು ಸರಿ. ಆದರೆ ಅದರ ಬದಲು ಕೊಡಬೇಕಾದದ್ದನ್ನು ಎಲ್ಲರಿಗೂ ಕೊಡಲಿಲ್ಲ. ಟೊರಾಂಟೊದ ಪೂರ್ವ ಭಾಗದ ಸ್ಕಾರ್ಬರೊದಲ್ಲಿ 1985ರಿಂದ ಓಡುತ್ತಿದ್ದ ಸಣ್ಣ ರೈಲು 2023ರಲ್ಲಿ ಹಳಿ ತಪ್ಪಿತು. ಆಮೇಲೆ ಮತ್ತೆ ಓಡಲೇ ಇಲ್ಲ. ಆ ಜಾಗದಲ್ಲಿ ಜನ ಬಸ್ಸು ಹತ್ತುತ್ತಾರೆ. ಅಲ್ಲಿ ಮನೆ ನೋಡುವವರು ಬಸ್ಸಿನ ದಾರಿಯನ್ನೇ ನೋಡಿ.

ಇನ್ನೊಂದು ಮಾತು. ಬಾಡಿಗೆಗೆ ಕೊಡುವವರು ಮೊದಲ ಮತ್ತು ಕೊನೆಯ ತಿಂಗಳ ಹಣ ಒಟ್ಟಿಗೆ ಕೇಳುತ್ತಾರೆ. ಕೊಡುವ ಮೊದಲು ಸ್ಟೇಷನ್‌ನಿಂದ ಮನೆಯವರೆಗೆ ಒಮ್ಮೆ ಕತ್ತಲಾದ ಮೇಲೆ ನಡೆದು ನೋಡಿ. ಜನವರಿಯಲ್ಲಿ ಸಂಜೆ ಐದಕ್ಕೇ ಕತ್ತಲು, ಆ ದಾರಿಯಲ್ಲಿ ನೀವು ದಿನಾ ನಡೆಯಬೇಕು.