ಆಯಿಲ್ ಮುಚ್ಚಳದಲ್ಲಿ ಬೆಣ್ಣೆ ಕಂಡರೆ, ಹೆಡ್ ಬಿಚ್ಚಿಸುವ ಮುನ್ನ

ಆರಿದ್ರಾ ಮಳೆ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಕಾರುಗಳ ಆಯಿಲ್ ಮುಚ್ಚಳ ತಿರುಗಿಸಿ ನೋಡಿ. ಎಷ್ಟೋ ಕಾರುಗಳಲ್ಲಿ ಹಳದಿ ಬೆಣ್ಣೆಯಂಥ ಲೋಳೆ ಮೆತ್ತಿಕೊಂಡಿರುತ್ತದೆ. ಕಂಡ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎನ್ನುವವರೇ ಜಾಸ್ತಿ. ಅದು ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲು; ಹೋದರೆ ಕೂಲೆಂಟ್ ಆಯಿಲ್‌ಗೆ ಬೆರೆಯಬಹುದು. ಸಾಮಾನ್ಯವಾಗಿ ಗ್ಯಾಸ್ಕೆಟ್ ಗಟ್ಟಿಯಾಗಿಯೇ ಇರುತ್ತದೆ; ಎಂಜಿನ್ನಿಗೆ ಉಸಿರು ಕಟ್ಟಿರುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಸ್ವಲ್ಪ ಗಾಳಿ, ಗ್ಯಾರೇಜಿನವರ ಮಾತಲ್ಲಿ ‘ಬ್ಯಾಕ್ ಕಂಪ್ರೆಷನ್’, ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಅದನ್ನು ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹೊರಬಿಡುವ ಸಣ್ಣ ವಾಲ್ವ್) ಮೂಲಕ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಎಳೆದು ಮತ್ತೆ ಉರಿಸಬೇಕು. ತೋಟದಿಂದ ಪೇಟೆಗೆ 4 ಕಿ.ಮೀ. ಓಡಿಸಿ ನಿಲ್ಲಿಸಿದರೆ ಟೆಂಪರೇಚರ್ ಮುಳ್ಳು ಮೇಲೆ ಬಂದಿದ್ದರೂ ಆಯಿಲ್ ಇನ್ನೂ ಉಗುರುಬೆಚ್ಚಗಿರುತ್ತದೆ. ಅನ್ನದ ಪಾತ್ರೆಯ ತಟ್ಟೆಯಡಿ ನೀರು ಕೂರುವ ಹಾಗೆ, ತಣ್ಣಗಿರುವ ಮುಚ್ಚಳದಲ್ಲಿ ಆವಿ ಕೂತು ಆಯಿಲ್ ಜೊತೆ ಕಲಸಿಕೊಳ್ಳುತ್ತದೆ.

ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಅದರ ಆಯಿಲ್ ಸ್ವಚ್ಛವಾಗಿದ್ದು, ಕೂಲೆಂಟ್ ಮಟ್ಟ ಇಳಿಯದಿದ್ದರೆ ಮುಚ್ಚಳ ಒರೆಸಿ, ಹಾಸನದಿಂದ ಸಕಲೇಶಪುರದವರೆಗೆ ಒಂದೇ ಓಟ ಓಡಿಸಿ, ಸುಮಾರು 40 ಕಿ.ಮೀ. ಬೆಣ್ಣೆ ಮತ್ತೆ ಕಟ್ಟದಿದ್ದರೆ ಅದು ಬರೀ ತೇವ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆತ ಕಾಫಿಯ ಬಣ್ಣವಿದ್ದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಓಡಿಸಲೇಬೇಡಿ. ಆಗ ಹೆಡ್ಡಿನ ಮಾತು.

ಮುಂದಿನದು ಪಿಸಿವಿ. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪಿನ ಬುಡದಲ್ಲಿರುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವನ್ನು ಅದು ಕೂತಿರುವ ರಬ್ಬರ್ ಬಳೆ, ಗ್ರಾಮೆಟ್ಟಿನಿಂದ ಕಿತ್ತು ವಾಲ್ವಿನ ಬಾಯಿಗೆ ಬೆರಳಿಡಿ, ಅದು ಬೆರಳನ್ನು ಜಗ್ಗಿ ಹಿಡಿಯಬೇಕು. ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದು ಬರಬೇಕು. ಅಂಟಿದ್ದರೆ ಕಾರ್ಬ್ ಕ್ಲೀನರ್ ಹೊಡೆದು ನೋಡಬಹುದು, ತಂತಿ ಮಾತ್ರ ತೂರಿಸಬೇಡಿ. ಹೊಸದು ಹಾಕುವುದೇ ಲೇಸು. ಗಟ್ಟಿಯಾದ ಗ್ರಾಮೆಟ್ಟನ್ನೂ, ಮೆತ್ತಗಾಗಿ ಒಳಕ್ಕೆ ಕುಸಿದ ಪೈಪನ್ನೂ ಜೊತೆಗೇ ಬದಲಿಸಿ. ವಾಲ್ವ್ ಮುಚ್ಚಿಕೊಂಡೇ ಉಳಿದರೆ ಒತ್ತಡ ಏರಿ ಕ್ರ್ಯಾಂಕ್ ಸೀಲಿನಲ್ಲಿ ಆಯಿಲ್ ಸುರಿಯುತ್ತದೆ, ಏರ್ ಫಿಲ್ಟರ್ ಡಬ್ಬಿ ಒದ್ದೆಯಾಗುತ್ತದೆ. ತೆರೆದೇ ಉಳಿದರೆ ಐಡಲ್ ಏರಿಳಿಯುತ್ತದೆ, ಆಯಿಲ್ ಉರಿಯುತ್ತದೆ. ಕೆಲವು ಹೊಸ ಕಾರುಗಳಲ್ಲಿ ವಾಲ್ವ್ ಟ್ಯಾಪೆಟ್ ಕವರಿನೊಳಗೇ ಡಯಾಫ್ರಮ್ ರೂಪದಲ್ಲಿರುತ್ತದೆ. ಅದು ಹರಿದರೆ ಸಿಳ್ಳೆ ಸದ್ದು, ಐಡಲ್‌ನಲ್ಲಿ ಆಯಿಲ್ ಮುಚ್ಚಳ ಎತ್ತಲು ಬಿಗಿ.

ಪಿಸಿವಿ ಸರಿಯಿದ್ದೂ ಬೆಣ್ಣೆ ಕಟ್ಟುತ್ತಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಇದೆಯೋ ನೋಡಿ. ‘ಹೀಟ್ ಆಗಬಾರದು’ ಅಂತ ಅದನ್ನು ಕಿತ್ತೆಸೆದಿರುವ ಗಾಡಿಗಳು ಇಲ್ಲಿ ಕಡಿಮೆಯಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಆ ಎಂಜಿನ್ ಕಾಯುವುದೇ ಇಲ್ಲ. ಮಾಡುವವರು ಉಪಕಾರವೆಂದೇ ಮಾಡುತ್ತಾರೆ, ಅದೇ ತೊಂದರೆ.

ತೇವ ಕೊಡುವ ಇನ್ನೊಂದು ಕಾಟ ಐಸ್. ಅದು ಕಟ್ಟುವುದು ಹಿಮದ ನಾಡಿನ ಮಾತು ಅನಿಸಬಹುದು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೆಯ ಗಾಡಿಗೆ ಹಿಮ ಬೇಕಿಲ್ಲ. ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿ ಕಾರ್ಬುರೇಟರ್ ಗಂಟಲನ್ನು 20 ಡಿಗ್ರಿಯಷ್ಟು ತಣಿಸಬಲ್ಲದು. ಹೊರಗೆ 12 ಡಿಗ್ರಿ, ದಟ್ಟ ಮಂಜು ಇದ್ದರೆ ಸಾಕು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಬೆಳಗಿನ ಹೊತ್ತು ಪಿಕಪ್ ಸತ್ತು ಎಂಜಿನ್ ಆಫ್ ಆಗಿ, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆದರೆ ಇದನ್ನು ಶಂಕಿಸಿ. ಎಕ್ಸಾಸ್ಟ್ ಬಳಿಯಿಂದ ಏರ್ ಕ್ಲೀನರ್‌ಗೆ ಬಿಸಿಗಾಳಿ ತರುವ ಪೈಪ್ ಹರಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಅದನ್ನು ಹಾಕಿ.

ಹಲವು ಇಂಜೆಕ್ಷನ್ ಕಾರುಗಳಲ್ಲಿ ಇದೇ ಕೆಲಸಕ್ಕೆ ಥ್ರಾಟಲ್ ಬಾಡಿಗೆ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಭಾಗ) ಎರಡು ಸಣ್ಣ ಕೂಲೆಂಟ್ ಪೈಪ್ ಬರುತ್ತವೆ. ಅವನ್ನು ಬೈಪಾಸ್ ಮಾಡಿಸಬೇಡಿ, ಚಳಿಗಾಲದಲ್ಲಿ ಲೇಹ್ ಕಡೆ ಹೋಗುವವರಂತೂ ಬೇಡವೇ ಬೇಡ. ಅಲ್ಲಿ ಕ್ರ್ಯಾಂಕ್‌ಕೇಸಿನ ಗಾಳಿ ಹೋಗುವ ಬ್ರೀದರ್ ಪೈಪಿನ ತಗ್ಗಿನಲ್ಲಿ ನಿಂತ ನೀರೇ ರಾತ್ರಿ ಹೆಪ್ಪುಗಟ್ಟಿ ದಾರಿ ಮುಚ್ಚಿ, ಬೆಳಿಗ್ಗೆ ಒಳಗಿನ ಒತ್ತಡಕ್ಕೆ ಡಿಪ್‌ಸ್ಟಿಕ್ ಹೊರಚಿಮ್ಮಬಹುದು. ಹೊರಡುವ ಮುನ್ನ ಪೈಪ್ ಬಿಚ್ಚಿ ಒಣಗಿಸಿ, ಎಲ್ಲೂ ಜೋತುಬೀಳದಂತೆ ಕ್ಲಿಪ್ ಹಾಕಿ.

ಇಲ್ಲೇ ಓಡಾಡುವವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ನಿಲ್ಲಿಸಿಕೊಂಡು ಐಡಲ್‌ನಲ್ಲಿ ಬಿಟ್ಟರೆ ಆಯಿಲ್ ಕಾಯುವುದಿಲ್ಲ. 10,000 ಕಿ.ಮೀ.ಗೆ ಆಯಿಲ್ ಬದಲಿಸಿ ಎಂದಿದ್ದರೆ 5,000ಕ್ಕೇ ಬದಲಿಸಿ. ಅಷ್ಟು ಓಡದಿದ್ದರೂ ಮಳೆ ಮುಗಿದ ಮೇಲೆ ಒಮ್ಮೆ.