ಬಡ್ಡಿ ಏರಿದರೆ ನಿಮ್ಮ ಘಟಕಕ್ಕೆ ಎಷ್ಟು ಹೊಡೆತ? ಒಂದೇ ಹಾಳೆಯಲ್ಲಿ ಲೆಕ್ಕ ಹಾಕಿ

2022ರ ಮೇ 4. ರಿಸರ್ವ್ ಬ್ಯಾಂಕ್ ನಿಗದಿತ ಸಭೆಗೂ ಕಾಯದೆ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, ಶೇ 4ರಿಂದ 4.40ಕ್ಕೆ ಏರಿಸಿತು. ಮುಂದಿನ ಫೆಬ್ರುವರಿ ಹೊತ್ತಿಗೆ ಅದು 6.50 ಆಗಿತ್ತು. ಹತ್ತು ತಿಂಗಳೊಳಗೆ ಎರಡೂವರೆ ಪರ್ಸೆಂಟ್! ಆಗ ನಾನು ಪೀಣ್ಯದ ಕಡೆ ಕೆಲವು ಸಣ್ಣ ಘಟಕಗಳ ಲೆಕ್ಕ ನೋಡುತ್ತಿದ್ದೆ. ಆರ್ಡರ್ ಇತ್ತು, ಮಷೀನ್ ಓಡುತ್ತಿತ್ತು, ಲಾಭ ಮಾತ್ರ ತಿಂಗಳಿಂದ ತಿಂಗಳಿಗೆ ಕರಗುತ್ತಿತ್ತು. ಕೇಳಿದರೆ ಬಹುತೇಕರ ಉತ್ತರ ಒಂದೇ: "ನಮ್ದು ಏಳು ವರ್ಷದ ಲೋನ್ ಸಾರ್, 2029ರವರೆಗೆ ಏನೂ ಚೇಂಜ್ ಆಗಲ್ಲ."

ತಪ್ಪಾಗುವುದು ಇಲ್ಲೇ. ಸಾಲ ಮುಗಿಯುವ ದಿನ ಬೇರೆ, ಸಾಲದ ದರ ಬದಲಾಗುವ ದಿನ ಬೇರೆ. ಈ ಎರಡನ್ನು ಬಿಡಿಸಿ ನೋಡಿದರೆ ಬಡ್ಡಿಯ ಅಪಾಯ ಎಷ್ಟು ಅನ್ನುವುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಹೇಗೆ ಅಂತ ನೋಡೋಣ.

ಮೊದಲ ಹೆಜ್ಜೆ: ಕಾಗದ ಜೋಡಿಸಿಕೊಳ್ಳಿ

ಎಲ್ಲ ಸಾಲಗಳ ಸ್ಯಾಂಕ್ಷನ್ ಲೆಟರ್, ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿಗಳು. ಇಷ್ಟು ಸಾಕು.

ಎರಡನೇ ಹೆಜ್ಜೆ: ದರ ಯಾವುದಕ್ಕೆ ಕಟ್ಟಿದೆ ನೋಡಿ

ಸ್ಯಾಂಕ್ಷನ್ ಲೆಟರ್‌ನಲ್ಲಿ "ರೆಪೊ + 3" ಅನ್ನುವಂಥ ಸಾಲು ಹುಡುಕಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಕೊಟ್ಟ ಫ್ಲೋಟಿಂಗ್ (ದರ ಬದಲಾಗುವ) ಸಾಲಗಳು ರೆಪೊದಂಥ ಹೊರಗಿನ ದರಕ್ಕೇ ಜೋಡಣೆಯಾಗಿರಬೇಕು. ಮಧ್ಯಮ ಉದ್ಯಮಗಳಿಗೆ ಇದು 2020ರ ಏಪ್ರಿಲ್‌ನಿಂದ. ಅದಕ್ಕೂ ಹಳೆಯದಾದರೆ ಎಂಸಿಎಲ್‌ಆರ್ (ಬ್ಯಾಂಕ್ ತನ್ನ ಹಣದ ಖರ್ಚಿನ ಮೇಲೆ ತಾನೇ ಹಾಕುವ ಮೂಲ ದರ) ಇರಬಹುದು. ಫೈನಾನ್ಸ್ ಕಂಪನಿಯ ಸಾಲವಾದರೆ ಅವರದೇ ಸ್ವಂತ ಮೂಲ ದರ ಇರುತ್ತದೆ. ಅದು ಯಾವಾಗ, ಯಾಕೆ ಬದಲಾಗುತ್ತದೆ ಅನ್ನುವುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಮೂರನೇ ಹೆಜ್ಜೆ: ಹಾಳೆ ತುಂಬಿ (ಎಡವುವ ಜಾಗ ಇದು)

ಒಂದು ಬಿಳಿ ಹಾಳೆ ಅಡ್ಡ ಇಟ್ಟು ನಾಲ್ಕು ಕಾಲಂ ಎಳೆಯಿರಿ: "3 ತಿಂಗಳೊಳಗೆ", "3 ತಿಂಗಳಿಂದ 1 ವರ್ಷ", "1 ವರ್ಷದ ಆಚೆ", "ಬಡ್ಡಿಯೇ ಇಲ್ಲದ್ದು". ಮಧ್ಯೆ ಒಂದು ಅಡ್ಡಗೆರೆ. ಗೆರೆಯ ಮೇಲೆ ನೀವು ಬಡ್ಡಿ ಕಟ್ಟುವ ಸಾಲ, ಕೆಳಗೆ ನಿಮಗೆ ಬಡ್ಡಿ ತರುವ ಹಣ. ಪ್ರತಿ ಮೊತ್ತವನ್ನೂ ಅದರ ದರ ಮುಂದೆ ಯಾವಾಗ ಬದಲಾಗಬಹುದೋ ಆ ಕಾಲಂನಲ್ಲಿ ಬರೆಯಬೇಕು. ಬ್ಯಾಂಕುಗಳೂ ತಮ್ಮ ಕೋಟ್ಯಂತರ ರೂಪಾಯಿಗೆ ಮಾಡುವುದು ಇದನ್ನೇ. ಒಂದು ಕಾಲಂನಲ್ಲಿ ಗೆರೆಯ ಮೇಲಿನ ಮೊತ್ತಕ್ಕೂ ಕೆಳಗಿನ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು ಅವರು ಗ್ಯಾಪ್ ಅನ್ನುತ್ತಾರೆ.

ಒಂದು ಮಷೀನ್ ಶಾಪ್ ಅಂದುಕೊಳ್ಳಿ. ಹೊಸದಾಗಿ ತೆಗೆದ ಟರ್ಮ್ ಲೋನ್ 60 ಲಕ್ಷ, ಏಳು ವರ್ಷ, ರೆಪೊಗೆ ಜೋಡಣೆ, ಈಗಿನ ದರ ಶೇ 9. ಕ್ಯಾಶ್ ಕ್ರೆಡಿಟ್ (ಬೇಕಾದಾಗ ತೆಗೆದು, ಬಂದಾಗ ತುಂಬುವ ಸಾಲದ ಖಾತೆ) ಲಿಮಿಟ್ 50 ಲಕ್ಷ, ಅದೂ ರೆಪೊಗೆ. ಫೈನಾನ್ಸ್ ಕಂಪನಿಯಿಂದ ಮಷೀನ್ ಸಾಲ 20 ಲಕ್ಷ, ಫಿಕ್ಸೆಡ್, ಇನ್ನೂ ಮೂರು ವರ್ಷ ಇದೆ. ಟೆಂಪೊ ಸಾಲ 6 ಲಕ್ಷ, ಅದೂ ಫಿಕ್ಸೆಡ್. ಮಾರ್ಜಿನ್‌ಗೆ, ಅಂದರೆ ಬ್ಯಾಂಕಿಗೆ ಭದ್ರತೆಯಾಗಿ, ಇಟ್ಟ ಎಫ್‌ಡಿ 15 ಲಕ್ಷ, 11 ತಿಂಗಳಿಗೆ ಮುಗಿಯುತ್ತದೆ.

60 ಲಕ್ಷ ಎಲ್ಲಿಗೆ ಹೋಗುತ್ತದೆ? ಕೈ ತಾನಾಗೇ "1 ವರ್ಷದ ಆಚೆ"ಗೆ ಹೋಗುತ್ತದೆ. ಹೋಗಬಾರದು. ರೆಪೊಗೆ ಕಟ್ಟಿದ ಸಾಲದ ದರವನ್ನು ಬ್ಯಾಂಕ್ ಮೂರು ತಿಂಗಳಿಗೆ ಒಮ್ಮೆಯಾದರೂ ರಿಸೆಟ್ ಮಾಡಲೇಬೇಕು. ಹಾಗಾಗಿ ಏಳು ವರ್ಷದ ಸಾಲ ಇಡಿಯಾಗಿ ಮೊದಲ ಕಾಲಂಗೆ.

ಕ್ಯಾಶ್ ಕ್ರೆಡಿಟ್‌ಗೆ ಎಷ್ಟು ಬರೆಯಬೇಕು? ಲಿಮಿಟ್ 50 ಅಂತ 50 ಬರೆಯಬೇಡಿ. ತಿಂಗಳ ಕೊನೆಯ ಬ್ಯಾಲೆನ್ಸನ್ನೂ ನಂಬಬೇಡಿ. ಎಷ್ಟೋ ಜನ ಖಾತೆ ಚೆನ್ನಾಗಿ ಕಾಣಲಿ ಅಂತ 30ನೇ ತಾರೀಕು ಹಣ ತುಂಬಿ, 2ನೇ ತಾರೀಕು ತೆಗೆಯುತ್ತಾರೆ. ಪ್ರತಿ ತಿಂಗಳ 5, 15 ಮತ್ತು 25ನೇ ತಾರೀಕಿನ ಬಾಕಿ ತೆಗೆದು ಸರಾಸರಿ ಮಾಡಿ. ನಮ್ಮ ಉದಾಹರಣೆಯಲ್ಲಿ ಅದು 40 ಲಕ್ಷ ಅಂತಿಟ್ಟುಕೊಳ್ಳಿ. ಮೊದಲ ಕಾಲಂಗೆ.

"ಫಿಕ್ಸೆಡ್" ಅನ್ನುವ ಪದ ಕಂಡಕೂಡಲೇ ಸಮಾಧಾನ ಪಡಬೇಡಿ. ಎರಡು ಅಥವಾ ಮೂರು ವರ್ಷದ ನಂತರ ದರ ಪರಿಷ್ಕರಿಸುವ ಹಕ್ಕು ನಮ್ಮದು ಅನ್ನುವ ಸಾಲು ಕೆಲವು ಪತ್ರಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದ್ದರೆ ಆ ದಿನವನ್ನೇ ದರ ಬದಲಾಗುವ ದಿನ ಅಂತ ಹಿಡಿಯಿರಿ. ಇಲ್ಲದಿದ್ದರೆ 20 ಮತ್ತು 6 ಲಕ್ಷ ಮೂರನೇ ಕಾಲಂಗೆ.

ಇನ್ನೊಂದು ತಪ್ಪನ್ನು ನಾನು ಓದಿಕೊಂಡವರ ಹಾಳೆಯಲ್ಲೂ ನೋಡಿದ್ದೇನೆ. ಪಾರ್ಟಿಗಳಿಂದ ಬರಬೇಕಾದ ಬಾಕಿ 30 ಲಕ್ಷ, ಎರಡು ತಿಂಗಳಲ್ಲಿ ಬರುತ್ತದೆ ಅಂತ ಗೆರೆಯ ಕೆಳಗೆ ಮೊದಲ ಕಾಲಂಗೆ ಬರೆದುಬಿಡುತ್ತಾರೆ. ಆಗ ಗ್ಯಾಪ್ ಕಮ್ಮಿ ಕಾಣುತ್ತದೆ, ಜೀವ ತಂಪಾಗುತ್ತದೆ. ಆದರೆ ಉದ್ರಿ ಬಾಕಿಗೆ ನಿಮಗೆ ಬಡ್ಡಿ ಬರಲ್ಲ ಅಲ್ವಾ? ರೆಪೊ ಏರಿದರೆ ಪಾರ್ಟಿ ನಿಮಗೆ ಜಾಸ್ತಿ ಕೊಡುವುದಿಲ್ಲ. ಅದು ನಾಲ್ಕನೇ ಕಾಲಂಗೆ, ಅಂದರೆ ಲೆಕ್ಕದಿಂದ ಹೊರಗೆ. ಎಫ್‌ಡಿ 15 ಲಕ್ಷ ಎರಡನೇ ಕಾಲಂಗೆ, ಯಾಕೆಂದರೆ 11 ತಿಂಗಳು ಅದರ ದರ ಅಲುಗಾಡುವುದಿಲ್ಲ.

ಈಗ ಮೊದಲ ಕಾಲಂ ನೋಡಿ. ಗೆರೆಯ ಮೇಲೆ 100 ಲಕ್ಷ, ಕೆಳಗೆ ಸೊನ್ನೆ.

ನಾಲ್ಕನೇ ಹೆಜ್ಜೆ: ಗುಣಿಸಿ

ಒಂದು ಪರ್ಸೆಂಟ್ ಏರಿದರೆ ವರ್ಷಕ್ಕೆ 1 ಲಕ್ಷ ಹೆಚ್ಚು ಬಡ್ಡಿ. 2022ರ ಹಾಗೆ ಎರಡೂವರೆ ಏರಿದರೆ 2.5 ಲಕ್ಷ. ಎಫ್‌ಡಿಯಿಂದ ಮೊದಲ ವರ್ಷ ಸಿಗುವ ಸಹಾಯ ಕೊನೆಯ ಒಂದು ತಿಂಗಳದ್ದು ಮಾತ್ರ. ಒಂದು ಪರ್ಸೆಂಟ್ ಏರಿಕೆಗೆ 1,250 ರೂಪಾಯಿ. ಘಟಕದ ಲಾಭ 9 ಲಕ್ಷ ಇದ್ದರೆ ಅದು 6.5 ಲಕ್ಷಕ್ಕೆ ಇಳಿಯಿತು. ಅರ್ಧ ಪರ್ಸೆಂಟ್ ಹಾಕಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಎರಡೂವರೆ ನಿಜವಾಗಿ ಆಗಿದೆ, ಅದನ್ನೇ ಹಾಕಿ.

ಇಲ್ಲಿ ಕಂತಿನ ಮಾತು ಹೇಳಲೇಬೇಕು. ದರ ಏರಿದಾಗ ಕಂತು ಹಾಗೇ ಇಟ್ಟು ಅವಧಿ ಬೆಳೆಸಿಬಿಡುವುದುಂಟು. ಕೈಯಿಂದ ಹೋಗುವ ಹಣ ಅಷ್ಟೇ ಇರುವುದರಿಂದ ಯಾರಿಗೂ ನೋವು ಗೊತ್ತಾಗುವುದಿಲ್ಲ. ಮೇಲಿನ 60 ಲಕ್ಷಕ್ಕೆ ಶೇ 9ರಲ್ಲಿ ಕಂತು ಸುಮಾರು 96,500. ದರ 11.5 ಆದಾಗ ಕಂತು ಬದಲಾಯಿಸದಿದ್ದರೆ 84 ಕಂತು 95 ಆಗುತ್ತದೆ. ಕಂತನ್ನೇ ಸುಮಾರು 7,800 ಏರಿಸಿಕೊಂಡರೆ 84ಕ್ಕೇ ಮುಗಿಯುತ್ತದೆ, ಒಟ್ಟಾರೆ ಸುಮಾರು 4 ಲಕ್ಷ ಉಳಿಯುತ್ತದೆ. ಕಂತು ಏರಿಸಿಕೊಳ್ಳಿ. ಉಸಿರು ಕಟ್ಟುವ ಪರಿಸ್ಥಿತಿ ಇದ್ದರೆ ಮಾತ್ರ ಅವಧಿ ಬೆಳೆಸಿ.

ಈಗ ಇದೇ ಹಾಳೆಯನ್ನು ಬ್ಯಾಂಕಿನ ಜಾಗದಲ್ಲಿ ನಿಂತು ಬರೆದು ನೋಡಿ. ನಮ್ಮ ಎಫ್‌ಡಿ ಅವರ ಪಾಲಿಗೆ ಸಾಲ, ನಮ್ಮ ಸಾಲ ಅವರ ಪಾಲಿಗೆ ಆಸ್ತಿ. ರೆಪೊ ಇಳಿದಾಗ ಅವರ ಬಡ್ಡಿ ಆದಾಯ ಮೂರು ತಿಂಗಳಲ್ಲಿ ಇಳಿಯುತ್ತದೆ, ಆದರೆ ಹಳೆ ಎಫ್‌ಡಿಗೆ ಹಳೆ ಬಡ್ಡಿಯನ್ನೇ ಕೊಡುತ್ತಿರಬೇಕು. 2025ರಲ್ಲಿ ರೆಪೊ 6.50ರಿಂದ 5.25ಕ್ಕೆ ಇಳಿದಾಗ ಬ್ಯಾಂಕುಗಳಿಗೆ ಬಂದ ಒತ್ತಡ ಈ ಥರದ್ದು.

ಉಲ್ಟಾ ದಿಕ್ಕಿನ ಅಪಾಯ ಇನ್ನೂ ದೊಡ್ಡದು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಯಾವಾಗ ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿಯನ್ನು ದೀರ್ಘಾವಧಿ ಬಾಂಡುಗಳಲ್ಲಿ ಹಾಕಿತ್ತು. ಬಡ್ಡಿ ಹೆಚ್ಚುಕಮ್ಮಿ ಸೊನ್ನೆ ಇದ್ದ ಕಾಲ ಅದು. 2022ರ ಮಾರ್ಚ್‌ನಿಂದ ಅಲ್ಲಿನ ದರ ಏರಿತು. ದರ ಏರಿದರೆ ಹಳೆ ಬಾಂಡಿನ ಬೆಲೆ ಯಾಕೆ ಬೀಳುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಹೊಸ ಬಾಂಡ್ ಶೇ 8 ಕೊಡುವಾಗ ಶೇ 6 ಕೊಡುವ ಹತ್ತು ವರ್ಷದ ಹಳೆ ಬಾಂಡನ್ನು ಯಾರಾದರೂ 100 ರೂಪಾಯಿಗೆ ಕೊಳ್ಳುತ್ತಾರಾ? ಸುಮಾರು 86.50ಕ್ಕೆ ಕೇಳುತ್ತಾರೆ. ಆ ಬ್ಯಾಂಕ್ 2100 ಕೋಟಿ ಡಾಲರ್ ಬಾಂಡುಗಳನ್ನು 180 ಕೋಟಿ ಡಾಲರ್ ನಷ್ಟಕ್ಕೆ ಮಾರಿದ್ದಾಗಿ 2023ರ ಮಾರ್ಚ್ 8ರಂದು ಹೇಳಿತು. ಮಾರನೇ ದಿನ ಒಂದೇ ದಿನದಲ್ಲಿ 4200 ಕೋಟಿ ಡಾಲರ್ ಠೇವಣಿ ಹೊರಗೆ ಹೋಯಿತು. 10ನೇ ತಾರೀಕು ಬ್ಯಾಂಕ್ ಮುಚ್ಚಿತು. ಭಾರತದ ಹಲವು ಸ್ಟಾರ್ಟಪ್‌ಗಳ ಹಣವೂ ಅಲ್ಲಿತ್ತು. ಹಾಗಾಗಿ ಸಂಬಳದ ಹಣವನ್ನೆಲ್ಲ ಒಂದೇ ಬ್ಯಾಂಕಿನಲ್ಲಿ ಇಡಬೇಡಿ, ಎರಡು ಕಡೆ ಇಡಿ.

ಐದನೇ ಹೆಜ್ಜೆ: ಪಾರ್ಟಿಗಳ ತಡವನ್ನೂ ಸೇರಿಸಿ

ಬಡ್ಡಿ ಏರಿದಾಗ ನಿಮ್ಮ ಪಾರ್ಟಿಗೂ ಸಾಲ ದುಬಾರಿ. ಆಗ ಅವರಿಗೆ ಸಿಗುವ ಅಗ್ಗದ ಸಾಲ ಅಂದರೆ ನಿಮ್ಮ ಬಿಲ್. ಅದನ್ನು ತಡಮಾಡುತ್ತಾರೆ. ತಿಂಗಳಿಗೆ 20 ಲಕ್ಷದ ಮಾಲು ಕಳಿಸುವ ಘಟಕಕ್ಕೆ 45 ದಿನದ ಹಣ 75 ದಿನಕ್ಕೆ ಬಂದರೆ ಇನ್ನೂ 20 ಲಕ್ಷ ಬೇಕು. ಶೇ 11.5ರಲ್ಲಿ ವರ್ಷಕ್ಕೆ 2.3 ಲಕ್ಷ. ದರ ಏರಿಕೆಯಷ್ಟೇ ದೊಡ್ಡ ಹೊಡೆತ ಇದು, ಲಾಭ 4.2 ಲಕ್ಷಕ್ಕೆ ಬಂತು. ಅದರ ಜೊತೆಗೆ ಕ್ಯಾಶ್ ಕ್ರೆಡಿಟ್‌ನ ಸರಾಸರಿ ಬಳಕೆ 40ರಿಂದ 60ಕ್ಕೆ ಹೋಗಿ 50ರ ಲಿಮಿಟ್ಟೇ ಒಡೆಯುತ್ತದೆ.

ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸಿ, ಪ್ರತಿ ಇನ್‌ವಾಯ್ಸ್ ಮೇಲೆ ಆ ಸಂಖ್ಯೆ ಹಾಕಿ. ಕಾನೂನಿನ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೊಡ್ಡ ಕಂಪನಿಗೆ ಮಾಲು ಕೊಡುವವರಾದರೆ ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಡಿಸ್ಕೌಂಟ್ ಮಾಡಿಸಿ, ಅಂದರೆ ಬಿಲ್ ಮೇಲೆ ಸ್ವಲ್ಪ ಕಡಿತಕ್ಕೆ ಹಣ ಮೊದಲೇ ಪಡೆಯಿರಿ. ಅಲ್ಲಿ ದರ ನಿಂತಿರುವುದು ಆ ಕಂಪನಿಯ ಹೆಸರಿನ ಮೇಲೆ.

ಆರನೇ ಹೆಜ್ಜೆ: ಗ್ಯಾಪ್ ಕಮ್ಮಿ ಮಾಡಿ

ನನ್ನ ಗೆರೆ ಇದು: ದರ ಬದಲಾಗುವ ಸಾಲ ಒಟ್ಟು ಸಾಲದ ಮೂರರಲ್ಲಿ ಎರಡು ಭಾಗ ದಾಟಬಾರದು. ಮೇಲಿನ ಘಟಕದಲ್ಲಿ 126ಕ್ಕೆ 100 ಇದೆ, ಜಾಸ್ತಿ. ಮುಂದಿನ ಮಷೀನ್ ಸಾಲವನ್ನು ಫಿಕ್ಸೆಡ್ ತೆಗೆದುಕೊಳ್ಳಿ. ಸುಲಭದ ದಾರಿಯೂ ಒಂದಿದೆ. ಕರೆಂಟ್ ಅಕೌಂಟ್‌ನಲ್ಲಿ ಸುಮ್ನೆ ಬಿದ್ದಿರುವ ಹಣವನ್ನು ಕ್ಯಾಶ್ ಕ್ರೆಡಿಟ್‌ಗೆ ತುಂಬಿ. ಲಿಯನ್ ಇಲ್ಲದ (ಬ್ಯಾಂಕಿಗೆ ಒತ್ತೆ ಇಡದ) ಎಫ್‌ಡಿ ಶೇ 7 ತರುತ್ತಿದ್ದು ನೀವು ಶೇ 9 ಕಟ್ಟುತ್ತಿದ್ದರೆ ಆ ಎಫ್‌ಡಿಗೆ ಅರ್ಥವಿಲ್ಲ.

"ಬರೀ 12 ಪರ್ಸೆಂಟ್ ಫ್ಲಾಟ್" ಅನ್ನುವ ಸಾಲವನ್ನು ಫಿಕ್ಸೆಡ್ ಅಂತ ನಂಬಿ ತೆಗೆದುಕೊಳ್ಳಲೇಬೇಡಿ. ಫ್ಲಾಟ್ ಅಂದರೆ ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ. ಮೂರು ವರ್ಷದ ಕಂತಿನಲ್ಲಿ ಅದರ ನಿಜವಾದ ದರ 21ರ ಆಸುಪಾಸು. ಸ್ವಾಪ್ (ಬದಲಾಗುವ ದರವನ್ನು ಫಿಕ್ಸೆಡ್ ದರಕ್ಕೆ ಅದಲುಬದಲು ಮಾಡುವ ಒಪ್ಪಂದ) ಮಾಡಿಕೊಳ್ಳಿ ಅಂತ ಯಾರಾದರೂ ಬಂದರೂ ಕೋಟಿ ಒಂದೆರಡರ ಸಾಲಕ್ಕೆ ಅದು ಬೇಡ.

ಕೊನೆಯ ಹೆಜ್ಜೆ: ರಿಸೆಟ್ ಆದಮೇಲೆ ತಾಳೆ ನೋಡಿ

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಸುಮಾರು ಎರಡು ತಿಂಗಳಿಗೊಮ್ಮೆ ಕೂರುತ್ತದೆ. ಅವತ್ತು ಹಾಳೆ ಹೊರಗೆ ತೆಗೆಯಿರಿ. ಮುಂದಿನ ರಿಸೆಟ್ ಆದ ತಿಂಗಳ ಬಡ್ಡಿಯನ್ನು ಕೈಯಲ್ಲೇ ಲೆಕ್ಕ ಹಾಕಿ. 40 ಲಕ್ಷಕ್ಕೆ ಶೇ 9ರಂತೆ 30 ದಿನದ ಬಡ್ಡಿ 29,589. ಸ್ಟೇಟ್‌ಮೆಂಟ್‌ನಲ್ಲಿ 31,000 ಕಂಡರೆ ಅವರು ಶೇ 9.43 ಹಾಕಿದ್ದಾರೆ ಅಂತ ಅರ್ಥ. ನಾನು ಲೆಕ್ಕ ನೋಡುತ್ತಿದ್ದ ಒಂದು ಘಟಕದಲ್ಲಿ ಹೀಗೇ ಆಗಿತ್ತು. ರಿನ್ಯೂವಲ್ ಸಮಯದಲ್ಲಿ ರೆಪೊ ಮೇಲಿನ ಸ್ಪ್ರೆಡ್ಡನ್ನು ("ರೆಪೊ + 3"ರಲ್ಲಿನ 3ರಂಥ ಅಂಕಿ) ಹೇಳದೆ ಏರಿಸಿದ್ದರು. ಬಾಯಿಮಾತಿನಲ್ಲಿ ಕೇಳಿದಾಗ ಉತ್ತರ ಸಿಗಲಿಲ್ಲ. ಸ್ಪ್ರೆಡ್ ಯಾವ ದಿನ, ಯಾವ ಕಾರಣಕ್ಕೆ ಬದಲಾಯಿತು ಅಂತ ಪತ್ರ ಬರೆದು, ನಕಲಿನ ಮೇಲೆ ಶಾಖೆಯ ಸೀಲ್ ಹಾಕಿಸಿಕೊಂಡೆವು. ಮುಂದಿನ ತಿಂಗಳು ಹಳೆಯ ಸ್ಪ್ರೆಡ್ ವಾಪಸ್ ಬಂತು, ಜಾಸ್ತಿ ಹಿಡಿದ ಬಡ್ಡಿಯೂ ಖಾತೆಗೆ ಜಮಾ ಆಯಿತು.