ಬ್ರಿತ್ ಮಿಲಾ: ಎಂಟನೇ ದಿನಕ್ಕೆ ಮುಂಚೆ ಅಪ್ಪ-ಅಮ್ಮ ಕೇಳಿಕೊಳ್ಳಬೇಕಾದದ್ದು

ಯೆಹೂದಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಪ್ಪ-ಅಮ್ಮನ ಕೈಯಲ್ಲಿ ಇರುವುದು ಒಂದೇ ವಾರ. ಎಂಟನೇ ದಿನ ಬ್ರಿತ್ ಮಿಲಾ, ಅಂದರೆ ಸುನ್ನತಿ. ಆ ವಾರ ಬಾಣಂತಿಗೆ ನಿದ್ದೆ ಇರುವುದಿಲ್ಲ, ಮಗು ಇನ್ನೂ ಹಾಲು ಹಿಡಿಯೋದು ಕಲಿಯುತ್ತಿರುತ್ತದೆ, ಮನೆ ತುಂಬ ನೆಂಟರು. ಅದರ ಮಧ್ಯೆ ಸುನ್ನತಿ ಮಾಡುವವರು ಯಾರು, ನೋವು ಆಗದ ಹಾಗೆ ಏನು ಕೊಡುತ್ತಾರೆ, ರಕ್ತ ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಹುಡುಕುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಇದನ್ನೆಲ್ಲ ಬಸುರಿನ ಕೊನೆಯ ತಿಂಗಳುಗಳಲ್ಲೇ ಕೇಳಿ ಮುಗಿಸಿ. ನಾವು ಹಾಗೆ ಮಾಡಿದ್ದರಿಂದಲೇ ಆಮೇಲೆ ದಿನ ಮುಂದೆ ಹೋದಾಗ ಗಾಬರಿಯಾಗಲಿಲ್ಲ.

ನಾನು ಹಾಸನದ ಕಡೆಯವನು, ನ್ಯೂಜೆರ್ಸಿಯಲ್ಲಿ ಇದ್ದೇನೆ. ಹೆಂಡತಿ ಅಲ್ಲಿಯ ಯೆಹೂದಿ ಮನೆತನದವಳು. ನಮ್ಮ ವಂಶದಲ್ಲಿ ಯಾರಿಗೂ ಸುನ್ನತಿ ಆಗಿಲ್ಲ, ನನಗೂ ಇಲ್ಲ. ಅವಳಿಗೆ ಇದು ಅಬ್ರಹಾಮನ ಕಾಲದಿಂದ ಕಡಿಯದೆ ಬಂದ ಒಂದು ಒಪ್ಪಂದ. ಬೈಬಲ್ಲಿನ ಆದಿಕಾಂಡ 17ನೇ ಅಧ್ಯಾಯದಲ್ಲಿ ಇದರ ಮೂಲ ಇದೆ. ಈ ವಿಷಯ ಮಾತಾಡದೆ ಬಿಟ್ಟರೆ ಎಂಟನೇ ದಿನ ಜಗಳ ಆಗೋದು ಖಂಡಿತ, ಹಾಗಾಗಿ ಇಬ್ಬರೂ ಮೊದಲೇ ಕೂತು ಮಾತಾಡಿದೆವು. ಅಮೆರಿಕದ ಮಕ್ಕಳ ತಜ್ಞರ ಸಂಘ 2012ರಲ್ಲಿ ಹೇಳಿದ್ದನ್ನೂ ಓದಿದೆವು: ಲಾಭ ಅಪಾಯಕ್ಕಿಂತ ಹೆಚ್ಚು, ಆದರೆ ಎಲ್ಲ ಮಕ್ಕಳಿಗೂ ಮಾಡಿಸಿ ಅನ್ನುವಷ್ಟು ದೊಡ್ಡದಲ್ಲ, ನಿರ್ಧಾರ ಅಪ್ಪ-ಅಮ್ಮನದು. ಕೆಲವು ಯೆಹೂದಿ ಕುಟುಂಬಗಳು ಕತ್ತರಿಸದೆಯೇ ಹೆಸರಿಟ್ಟು ಹರಸುವ ಬ್ರಿತ್ ಶಾಲೋಮ್ ಮಾಡುತ್ತವೆ ಅನ್ನುವುದೂ ಗೊತ್ತಾಯಿತು. ಕೊನೆಗೆ ನಾನು ಎರಡು ವಿಷಯ ಹೇಳಿ ಒಪ್ಪಿದೆ. ಮಗುವಿಗೆ ನೋವು ಕಡಿಮೆ ಮಾಡಲೇಬೇಕು. ಮಕ್ಕಳ ಡಾಕ್ಟರ್ ಸರಿ ಅನ್ನುವವರೆಗೆ ಯಾರೂ ಕೈ ಹಾಕಬಾರದು. ಎರಡನೆಯದು ಅವರ ಶಾಸ್ತ್ರದಲ್ಲೇ ಇದೆ ಅಂತ ಆಗ ನನಗೆ ತಿಳಿದಿರಲಿಲ್ಲ.

ಇನ್ನೊಂದು ಮಾತು, ನಮ್ಮವರಿಗೆ ಮುಖ್ಯವಾದದ್ದು. ತಾಯಿ ಯೆಹೂದಿಯಾದರೆ ಎಲ್ಲ ಪಂಗಡದವರೂ ಮಗುವನ್ನು ಯೆಹೂದಿ ಅಂತಲೇ ಒಪ್ಪುತ್ತಾರೆ, ನಮ್ಮದು ಹಾಗೆ. ಅಪ್ಪ ಯೆಹೂದಿ, ಅಮ್ಮ ನಮ್ಮ ಕಡೆಯ ಹುಡುಗಿ ಆದರೆ ಹಾಗಲ್ಲ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಗಡದವರು ಮಗುವಿಗೆ ಮತಾಂತರದ ವಿಧಿಯನ್ನೂ ಕೇಳುತ್ತಾರೆ. ಅಮೆರಿಕದ ರಿಫಾರ್ಮ್ ಪಂಗಡ 1983ರಿಂದ ತಂದೆಯ ಕಡೆಯಿಂದಲೂ ಒಪ್ಪುತ್ತದೆ, ಮಗುವನ್ನು ಯೆಹೂದಿಯಾಗಿ ಬೆಳೆಸಿದರೆ. ನಿಮ್ಮ ಪರಿಸ್ಥಿತಿ ಏನು ಅಂತ ರಬ್ಬಿಗೂ (ಯೆಹೂದಿ ಧರ್ಮಗುರು) ಮೊಹೆಲ್‌ಗೂ (ಸುನ್ನತಿ ಮಾಡುವವರು) ಮೊದಲ ಫೋನ್‌ನಲ್ಲೇ ನೇರವಾಗಿ ಹೇಳಿಬಿಡಿ.

ದಿನ ಎಣಿಸುವ ಲೆಕ್ಕ ಸ್ವಲ್ಪ ಬೇರೆ. ಹುಟ್ಟಿದ ದಿನವೇ ಮೊದಲನೇ ದಿನ. ಯೆಹೂದಿ ಪಂಚಾಂಗದಲ್ಲಿ ದಿನ ಶುರುವಾಗುವುದು ಸಂಜೆ. ಮಂಗಳವಾರ ಮಧ್ಯಾಹ್ನ ಹುಟ್ಟಿದ ಮಗುವಿಗೆ ಮುಂದಿನ ಮಂಗಳವಾರ, ಮಂಗಳವಾರ ರಾತ್ರಿ ಹುಟ್ಟಿದ ಮಗುವಿಗೆ ಮುಂದಿನ ಬುಧವಾರ. ಮುಸ್ಸಂಜೆಯಲ್ಲಿ ಹುಟ್ಟಿದರೆ ರಬ್ಬಿಯನ್ನೇ ಕೇಳಬೇಕು, ಅದಕ್ಕೆ ಹೆರಿಗೆಯಾದ ನಿಮಿಷ ಬರೆದಿಟ್ಟುಕೊಳ್ಳಿ. ಕೆಲಸ ಹಗಲಲ್ಲೇ ಆಗಬೇಕು, ಸಾಮಾನ್ಯವಾಗಿ ಬೆಳಗ್ಗೆಯೇ ಮಾಡುತ್ತಾರೆ. ಎಂಟನೇ ದಿನ ಯಾವ ಕೆಲಸವನ್ನೂ ಮಾಡದ ಶನಿವಾರದ ಶಬ್ಬತ್ ಬಂದರೂ, ಉಪವಾಸದ ದೊಡ್ಡ ದಿನವಾದ ಯೊಮ್ ಕಿಪ್ಪುರ್ ಬಂದರೂ ನಿಲ್ಲುವುದಿಲ್ಲ. ಆದರೆ ಸಿಸೇರಿಯನ್ ಆಗಿದ್ದರೆ ಆ ದಿನಗಳಲ್ಲಿ ಮಾಡುವುದಿಲ್ಲ, ಮುಂದಕ್ಕೆ ಹಾಕುತ್ತಾರೆ. ಕಾಯಿಲೆಯಿಂದ ಮುಂದೆ ಹೋದದ್ದೂ ಅಷ್ಟೇ, ಶಬ್ಬತ್ ಬಿಟ್ಟು ಬೇರೆ ದಿನ.

ನಮ್ಮ ಮಗುವಿಗೆ ಕಾಮಾಲೆ ಬಂತು. ಹುಟ್ಟಿದ ಮೂರನೇ ದಿನದ ಹೊತ್ತಿಗೆ ಕಣ್ಣಿನ ಬಿಳಿಭಾಗ ಹಳದಿ, ಆಮೇಲೆ ಎದೆಯವರೆಗೂ ಹಳದಿ. ಮೈ ಹಳದಿ ಮಾಡುವ ಬಿಲಿರುಬಿನ್ ರಕ್ತದಲ್ಲಿ ಹೆಚ್ಚಾಗಿ ನೀಲಿ ಬೆಳಕಿನ ಕೆಳಗೆ ಮಲಗಿಸಬೇಕಾಯಿತು. ಮಾವನವರು ಆಗಲೇ ಎಲ್ಲರಿಗೂ ದಿನ ತಿಳಿಸಿಬಿಟ್ಟಿದ್ದರು, ಬೇರೆ ಊರಿನಿಂದ ಜನ ಹೊರಡುವುದರಲ್ಲಿದ್ದರು. ನಾನು ಮೊಹೆಲ್‌ಗೆ ಹೆದರುತ್ತಲೇ ಫೋನ್ ಮಾಡಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹಾಗಾದರೆ ಎಂಟನೇ ದಿನ ಬೇಡವೇ ಬೇಡ. ರಿಪೋರ್ಟ್ ಬರಲಿ, ಮಗು ಚೆನ್ನಾಗಿ ಹಾಲು ಕುಡಿಯಲಿ, ಆಮೇಲೆ ದಿನ ನೋಡೋಣ" ಅಂದರು.

ಇದು ಅವರ ಒಳ್ಳೆಯತನ ಮಾತ್ರ ಅಲ್ಲ, ನಿಯಮವೇ ಹಾಗಿದೆ. ಯೆಹೂದಿಗಳ ಹಳೆಯ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್‌ನಲ್ಲಿ ರಬ್ಬಿ ನಾಥಾನ್ ಎಂಬವರ ಪ್ರಸಂಗ ಬರುತ್ತದೆ. ಒಬ್ಬ ತಾಯಿಯ ಇಬ್ಬರು ಮಕ್ಕಳು ಸುನ್ನತಿಯ ನಂತರ ತೀರಿಕೊಂಡಿದ್ದರು. ಮೂರನೆಯದನ್ನು ಅವರ ಹತ್ತಿರ ತಂದಾಗ ಮಗು ಕೆಂಪಗೆ ಇತ್ತು, ಕಾಯಿರಿ ಅಂದರು, ಕಾದರು, ಮಗು ಉಳಿಯಿತು, ಅದಕ್ಕೆ ಅವರ ಹೆಸರನ್ನೇ ಇಟ್ಟರು. ಇನ್ನೊಂದು ಊರಲ್ಲಿ ಮೈ ಬಣ್ಣಗೆಟ್ಟ ಮಗುವಿಗೂ ಹಾಗೇ ಕಾಯಿರಿ ಅಂದರು. ಅಣ್ಣಂದಿರು ಇಬ್ಬರು ಹೀಗೆ ತೀರಿಕೊಂಡಿದ್ದರೆ ಮುಂದಿನ ಮಗುವಿಗೆ ಮಾಡಲೇಬಾರದು ಅಂತಲೂ ತಾಲ್ಮುದ್ ಹೇಳುತ್ತದೆ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಮನೆತನದಲ್ಲಿ ಹರಿದು ಬರುತ್ತದೆ ಅಂತ ವೈದ್ಯ ಪುಸ್ತಕಗಳು ಬರೆಯುವುದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತು ಇದು. ತಾನೂ ವೈದ್ಯನಾಗಿದ್ದ ಯೆಹೂದಿ ಪಂಡಿತ ಮೈಮೊನಿಡೀಸ್ 12ನೇ ಶತಮಾನದಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಬರೆದ. ಸುನ್ನತಿಯನ್ನು ಆಮೇಲೆಯೂ ಮಾಡಬಹುದು, ಹೋದ ಒಂದು ಜೀವವನ್ನು ಮಾತ್ರ ಎಂದಿಗೂ ತರಲಾಗುವುದಿಲ್ಲ ಅನ್ನುವುದು ಅವನ ಮಾತಿನ ಸಾರ. ಈಗಲೂ ಜ್ವರದಂಥ ಮೈಯೆಲ್ಲ ಹಿಡಿದ ಕಾಯಿಲೆ ಬಂದಿದ್ದರೆ, ಮಗು ವಾಸಿಯಾದ ಮೇಲೆ ಪೂರ್ತಿ ಏಳು ದಿನ ಕಾಯುತ್ತಾರೆ. ಆದ್ದರಿಂದ ನೆಂಟರು ಬಂದಿದ್ದಾರೆ, ಹಾಲ್ ಬುಕ್ ಆಗಿದೆ ಅಂತ ಯಾರಾದರೂ ಒತ್ತಾಯ ಮಾಡಿದರೆ ಧೈರ್ಯವಾಗಿ ಆಗಲ್ಲ ಅನ್ನಿ. ಶಾಸ್ತ್ರವೂ ನಿಮ್ಮ ಕಡೆಗೇ ಇದೆ.

ಡಾಕ್ಟರ್ ಹತ್ತಿರ ಕೇಳಲೇಬೇಕಾದ್ದು ಇನ್ನೂ ಕೆಲವು ಇವೆ. ಹುಟ್ಟಿದ ಕೂಡಲೇ ವಿಟಮಿನ್ ಕೆ ಚುಚ್ಚುಮದ್ದು ಹಾಕಿದ್ದಾರಾ ನೋಡಿ. ಹುಟ್ಟಿದ ಮಕ್ಕಳ ಮೈಯಲ್ಲಿ ಅದು ಬಹಳ ಕಡಿಮೆ ಇರುತ್ತದೆ, ಅದಿಲ್ಲದೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಕೆಲವರು ಸುಮ್ನೆ ಆ ಚುಚ್ಚುಮದ್ದು ಬೇಡ ಅನ್ನುತ್ತಾರೆ. ಸುನ್ನತಿ ಮಾಡಿಸುವವರಂತೂ ಹಾಗೆ ಅನ್ನಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ತಾಯಿಯ ಕಡೆ ಸೋದರಮಾವಂದಿರಲ್ಲಿ ಯಾರಿಗಾದರೂ ಹಲ್ಲು ಕೀಳಿಸಿದಾಗ, ಗಾಯವಾದಾಗ ರಕ್ತ ನಿಲ್ಲದೆ ತೊಂದರೆಯಾಗಿತ್ತಾ ಅಂತ ವಿಚಾರಿಸಿ, ಹಿಮೋಫಿಲಿಯಾ ಬರುವುದು ಆ ದಾರಿಯಲ್ಲಿ. ಮೂತ್ರದ ರಂಧ್ರ ತುದಿಯಲ್ಲಿಲ್ಲದೆ ಕೆಳಗಡೆ ಇದ್ದರೆ, ಅಂದರೆ ಹೈಪೊಸ್ಪೇಡಿಯಸ್ ಇದ್ದರೆ, ಸುನ್ನತಿ ಆಗ ಮಾಡಲೇಬಾರದು. ಮುಂದೆ ಅದನ್ನು ಸರಿಪಡಿಸುವ ಆಪರೇಷನ್‌ಗೆ ಅದೇ ಚರ್ಮ ಬೇಕಾಗಬಹುದು.

ಇನ್ನು ಮೊಹೆಲ್. ಅಮೆರಿಕದಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಅಂತ ಇಲ್ಲ. ಹೆಚ್ಚಿನವರು ಹಿರಿಯ ಮೊಹೆಲ್ ಜೊತೆ ಇದ್ದು ಕಲಿತವರು. ರಿಫಾರ್ಮ್ ಪಂಗಡ 1984ರಿಂದ ಡಾಕ್ಟರ್‌ಗಳಿಗೇ ಧಾರ್ಮಿಕ ವಿಧಿ ಕಲಿಸಿ ಮೊಹೆಲ್ ಮಾಡುತ್ತಿದೆ, ಅವರಲ್ಲಿ ಹೆಂಗಸರೂ ಇದ್ದಾರೆ. ಬ್ರಿಟನ್ನಿನಲ್ಲಿ 1745ರಲ್ಲಿ ಶುರುವಾದ ಇನಿಷಿಯೇಷನ್ ಸೊಸೈಟಿ ಮೊಹೆಲ್‌ಗಳಿಗೆ ತರಬೇತಿ ಕೊಡುತ್ತದೆ. ಇಸ್ರೇಲಿನಲ್ಲಿ ಮುಖ್ಯ ರಬ್ಬಿಗಳ ಕಚೇರಿ ಮತ್ತು ಆರೋಗ್ಯ ಇಲಾಖೆ ಸೇರಿದ ಸಮಿತಿ ಪ್ರಮಾಣಪತ್ರ ಕೊಡುತ್ತದೆ, ಅಲ್ಲಿರುವ ನಮ್ಮವರು ಅದನ್ನು ಕೇಳಿ ನೋಡಬಹುದು.

ನಾವು ಮಕ್ಕಳ ಡಾಕ್ಟರೂ ಆಗಿದ್ದ ಮೊಹೆಲ್ ಆರಿಸಿದೆವು. ಕಾರಣ ನೋವಿನ ವಿಷಯ. ಶಿಶ್ನದ ಬುಡದ ಹತ್ತಿರ ಮರಗಟ್ಟಿಸುವ ಚುಚ್ಚುಮದ್ದನ್ನು ಡಾಕ್ಟರ್‌ನಂಥ ವೈದ್ಯಕೀಯ ಅರ್ಹತೆ ಇರುವವರು ಮಾತ್ರ ಕೊಡಬಲ್ಲರು. ಮೊಹೆಲ್ ಡಾಕ್ಟರ್ ಅಲ್ಲದಿದ್ದರೆ ಮರಗಟ್ಟಿಸುವ ಕ್ರೀಮ್ ಇದೆ. ಆದರೆ ಅದನ್ನು ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಹಸುಗೂಸಿಗೆ ಜಾಸ್ತಿ ಆದರೆ ರಕ್ತಕ್ಕೆ ತೊಂದರೆ, ಹಾಗಾಗಿ ಎಷ್ಟು ಅಂತ ಮಕ್ಕಳ ಡಾಕ್ಟರೇ ಹೇಳಬೇಕು. ಸಿಹಿ ವೈನ್‌ನಲ್ಲೋ ಸಕ್ಕರೆ ನೀರಿನಲ್ಲೋ ಅದ್ದಿದ ಬಟ್ಟೆ ಚೀಪಿಸುವುದು ಹಳೆಯ ಪದ್ಧತಿ. ಸಿಹಿ ಬಾಯಿಗೆ ಬಿದ್ದರೆ ಮಗು ಸಮಾಧಾನವಾಗುವುದು ನಿಜ, ಆದರೆ ಅದೊಂದೇ ಸಾಲದು.

ಕೇಳಲು ಮುಜುಗರ ಆದರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ವಿಧಿಯಲ್ಲಿ ಮೂರು ಹಂತ: ಮುಂದೊಗಲು ಕತ್ತರಿಸುವುದು, ಒಳಪೊರೆಯನ್ನು ಬಿಡಿಸಿ ಹಿಂದಕ್ಕೆ ಸರಿಸುವುದು, ಗಾಯದಿಂದ ಒಂದಿಷ್ಟು ರಕ್ತ ಹೊರಗೆ ಎಳೆಯುವುದು. ಈ ಮೂರನೆಯದನ್ನು ಇವತ್ತು ಬಹಳ ಜನ ಗಾಜಿನ ಕೊಳವೆಯಿಂದಲೋ ಗಾಜ್ ಬಟ್ಟೆಯಿಂದಲೋ ಮಾಡುತ್ತಾರೆ. ಕೆಲವು ಕಟ್ಟಾ ಸಂಪ್ರದಾಯಸ್ಥರು ನೇರ ಬಾಯಿಂದಲೇ ಮಾಡುತ್ತಾರೆ. ಬಾಯಿಯಲ್ಲಿ ಹರ್ಪಿಸ್ ವೈರಸ್ ಇದ್ದರೆ ಅದು ಮಗುವಿಗೆ ದಾಟಬಹುದು. ನ್ಯೂಯಾರ್ಕ್ ನಗರದಲ್ಲಿ 2000ದಿಂದ 2011ರ ನಡುವೆ ಹೀಗೆ 11 ಮಕ್ಕಳಿಗೆ ಸೋಂಕು ತಗುಲಿದ್ದು ದಾಖಲಾಗಿದೆ, ಇಬ್ಬರು ತೀರಿಕೊಂಡರು. ನಮ್ಮ ಮೊಹೆಲ್ ನಾವು ಕೇಳುವ ಮುಂಚೆಯೇ "ಬಾಯಿ ಹಾಕುವುದಿಲ್ಲ" ಅಂದರು. ನಿಮ್ಮವರು ಹೇಳದಿದ್ದರೆ ನೀವೇ ಕೇಳಿ, ಬಾಯಿಂದ ಬೇಡ ಅಂತ ಹೇಳಿ.

ನಮ್ಮ ಕಡೆಯವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಂಟನೇ ದಿನಕ್ಕೆ ಪುರುಡು ಕಳೆದಿರುವುದಿಲ್ಲ, ಆಗ ಊಟ ಹಾಕಿ ಜನ ಸೇರಿಸುವುದು ಹೇಗೆ ಅಂತ ಅಮ್ಮನಿಗೆ ಕಸಿವಿಸಿ. ಕಾಮಾಲೆಯಿಂದ ಮುಂದೆ ಹೋಗಿ ಪುರುಡೂ ಕಳೆದಿದ್ದರಿಂದ ಅವರಿಗೆ ಸಮಾಧಾನವಾಯಿತು. ಹೆಸರಿನ ವಿಷಯವೂ ಹಾಗೇ. ಬ್ರಿತ್ ಆಗುವವರೆಗೆ ಮಗುವಿನ ಹೆಸರು ಹೇಳುವ ವಾಡಿಕೆ ಇಲ್ಲ. ಹೆಂಡತಿಯ ಮನೆಯವರು ಅಶ್ಕೆನಾಜಿ, ಅಂದರೆ ಯುರೋಪ್ ಮೂಲದ ಯೆಹೂದಿಗಳು, ಬದುಕಿರುವವರ ಹೆಸರು ಇಡುವುದಿಲ್ಲ, ತೀರಿಕೊಂಡ ಹಿರಿಯರದು ಇಡುತ್ತಾರೆ. ನಮ್ಮಪ್ಪ ಇಲ್ಲ. ಹಾಗಾಗಿ ತಾತನ ಹೆಸರು ಮೊಮ್ಮಗನಿಗೆ ಅನ್ನುವುದು ಎರಡೂ ಮನೆಗೆ ಒಪ್ಪಿಗೆಯಾಯಿತು. ಅವಳ ಅಜ್ಜನ ಹೀಬ್ರೂ ಹೆಸರು, ಜೊತೆಗೆ ನಮ್ಮಪ್ಪನ ಹೆಸರು. ತೊಟ್ಟಿಲ ಶಾಸ್ತ್ರ ಆಮೇಲೆ ಬೇರೆಯಾಗಿ ಮಾಡಿದೆವು. ಮಗು ಹುಟ್ಟಿದ ಮೇಲಿನ ಶುಕ್ರವಾರ ರಾತ್ರಿ ಮಾವನ ಮನೆಯಲ್ಲಿ ಬಂದವರಿಗೆ ಬೇಯಿಸಿದ ಕಾಬೂಲಿ ಕಡಲೆಗೆ ಕರಿಮೆಣಸಿನ ಪುಡಿ ಹಾಕಿ ಕೊಡುತ್ತಾರೆ. ಅಮ್ಮ ಅದಕ್ಕೊಂದು ಒಗ್ಗರಣೆ ಹಾಕಿ ಉಸಲಿ ಮಾಡಿದರು, ಬಂದವರು ಪಾತ್ರೆ ಖಾಲಿ ಮಾಡಿದರು.

ಆ ಬೆಳಗ್ಗೆ ಹೀಗಿತ್ತು. ಕತ್ತರಿಸುವುದಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ ಹಾಲು ಕುಡಿಸಿ ಅಂತ ಮೊಹೆಲ್ ಹೇಳಿದ್ದರು, ತೀರಾ ಹೊಟ್ಟೆ ತುಂಬಿದ್ದರೆ ಕಕ್ಕುತ್ತದೆ, ತೀರಾ ಹಸಿದಿದ್ದರೆ ಸಮಾಧಾನ ಆಗುವುದಿಲ್ಲ. ಬಾಗಿಲವರೆಗೆ ನಮ್ಮಮ್ಮ ಮಗುವನ್ನು ಎತ್ತಿಕೊಂಡು ಬಂದರು. ಅಲ್ಲಿಂದ ಹೆಂಡತಿಯ ಅಣ್ಣ, ಅತ್ತಿಗೆ ತೆಗೆದುಕೊಂಡರು. ಮಕ್ಕಳಾಗಲಿ ಅಂತ ಕಾಯುತ್ತಿರುವ ದಂಪತಿಗೆ ಈ ಗೌರವ ಕೊಡುವ ರೂಢಿ ಇದೆ. ಪ್ರವಾದಿ ಎಲೀಯನಿಗಾಗಿ ಇಟ್ಟ ಖಾಲಿ ಕುರ್ಚಿಯ ಮೇಲೆ ಒಂದು ಕ್ಷಣ ಮಲಗಿಸಿ, ಮಾವನ ತೊಡೆಯ ಮೇಲಿನ ದಿಂಬಿಗೆ ಇಳಿಸಿದರು. ಮಗುವನ್ನು ಹೀಗೆ ಹಿಡಿಯುವವರು ಸಂದಾಕ್. ತೊಡೆ ಅಲುಗಬಾರದು, ಮಗುವಿನ ಕಾಲು ಬಿಡಬಾರದು, ಹಾಗಾಗಿ ಕೈ ನಡುಗದವರನ್ನೇ ಆರಿಸಿ. ನಾನು ಯೆಹೂದಿ ಅಲ್ಲವಾದ್ದರಿಂದ ಅಪ್ಪ ಹೇಳಬೇಕಾದ ಮಂತ್ರವನ್ನು ಹೆಂಡತಿ ಹೇಳಿದಳು. ನಾನು ಮಗುವಿನ ತಲೆಯ ಹತ್ತಿರ ನಿಂತು ವೈನ್‌ನಲ್ಲಿ ಅದ್ದಿದ ಬಟ್ಟೆ ಚೀಪಿಸಿದೆ. ಚುಚ್ಚುಮದ್ದು ಮೊದಲೇ ಒಳಕೋಣೆಯಲ್ಲಿ ಆಗಿತ್ತು. ಚರ್ಮವನ್ನು ಒಂದು ಲೋಹದ ಪಟ್ಟಿಯ ಸೀಳಿನೊಳಗೆ ಎಳೆದು ಹಿಡಿದು, ತುದಿಗೆ ಅದು ಮರೆಯಾಗಿದೆ ಅಂತ ನೋಡಿಕೊಂಡು, ಎರಡೂ ಕಡೆ ಅಲಗಿರುವ ಚಾಕುವಿನಿಂದ ಒಂದೇ ಸಲ ತೆಗೆದರು. ನಿಮಿಷಗಳ ಕೆಲಸ. ಮಗು ಅತ್ತಿತು, ಕಾಲು ಹಿಡಿದಾಗಿನಿಂದಲೇ ಅಳುತ್ತಿತ್ತು, ಬಟ್ಟೆ ಸುತ್ತಿ ಎತ್ತಿಕೊಂಡ ಮೇಲೆ ನಿಂತಿತು. ಆಮೇಲೆ ಹೆಸರು ಕರೆದರು. ಒಪ್ಪಂದಕ್ಕೆ ಬಂದ ಹಾಗೆಯೇ ತೋರಾಕ್ಕೂ (ಧರ್ಮಗ್ರಂಥಕ್ಕೂ) ಮದುವೆಯ ಚಪ್ಪರಕ್ಕೂ ಒಳ್ಳೆಯ ಕೆಲಸಗಳಿಗೂ ಬರಲಿ ಅಂತ ಎಲ್ಲರೂ ಹರಸಿದರು. ಹೆಂಡತಿ ಒಳಗೆ ಹೋಗಿ ಹಾಲು ಕುಡಿಸಿದಳು. ಬಾಣಂತಿ ಹೊರಗೆ ನಿಂತು ನೋಡಲೇಬೇಕು ಅಂತ ಏನೂ ಇಲ್ಲ.

ಆರೈಕೆಯೇ ಮುಖ್ಯ. ಡೈಪರ್ ಬದಲಿಸಿದಾಗಲೆಲ್ಲ ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಇಲ್ಲದಿದ್ದರೆ ಗಾಯ ಡೈಪರ್‌ಗೆ ಅಂಟುತ್ತದೆ. ಒಂದೆರಡು ದಿನದಲ್ಲಿ ತುದಿಯ ಮೇಲೆ ತೆಳ್ಳಗೆ ಹಳದಿ ಪೊರೆ ಕಾಣುತ್ತದೆ. ಅದು ಕೀವಲ್ಲ, ವಾಸಿಯಾಗುವ ಲಕ್ಷಣ, ಉಜ್ಜಿ ತೆಗೆಯಬೇಡಿ. ಒಂದು ವಾರದಿಂದ ಹತ್ತು ದಿನದಲ್ಲಿ ಮಾಯುತ್ತದೆ. ಊರಿಂದ ಬಂದ ಅಜ್ಜಿಯರಿಗೆ ಪ್ರೀತಿಯಿಂದಲೇ ಹೇಳಿ: ಗಾಯಕ್ಕೆ ಅರಿಶಿನ ಬೇಡ, ಕೊಬ್ಬರಿ ಎಣ್ಣೆ ಬೇಡ, ಪೌಡರ್ ಬೇಡ. ಎಣ್ಣೆ-ನೀರು ಮಾಯುವವರೆಗೆ ನಿಲ್ಲಲಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ನಮ್ಮಮ್ಮ ಅರಿಶಿನದ ಬಟ್ಟಲು ಹಿಡಿದೇ ಬಂದಿದ್ದರು. ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ವಿವರಿಸಿದ ಮೇಲೆ ಅವರೇ ಕಾವಲು ನಿಂತರು, ನರ್ಸ್ ಹತ್ತಿರವೂ ಕೈ ತೊಳೆದಿರಾ ಅಂತ ಕೇಳಿಸಿದರು.

ಡೈಪರ್ ಮೇಲೆ ಸಣ್ಣ ರಕ್ತದ ಕಲೆ ಮೊದಲ ದಿನ ಸಹಜ. ಹನಿಹನಿಯಾಗಿ ಬರುತ್ತಲೇ ಇದ್ದರೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡಿದು ಮೊಹೆಲ್‌ಗೆ ಫೋನ್ ಮಾಡಿ, ನಿಲ್ಲದಿದ್ದರೆ ನೇರ ಆಸ್ಪತ್ರೆಗೆ. 12 ಗಂಟೆಯಾದರೂ ಮೂತ್ರ ಬರದಿದ್ದರೆ, ಕೆಂಪು ಮೇಲಕ್ಕೆ ಹರಡಿದರೆ, ಹಾಲು ಬಿಟ್ಟರೆ ಕಾಯಬೇಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇಷ್ಟು ಚಿಕ್ಕ ಮಗುವಿಗೆ ಅದು ತುರ್ತು, ರಾತ್ರಿ ಎಷ್ಟು ಹೊತ್ತಾದರೂ ಹೊರಡಿ. ಮನೆಯಿಂದ ಹೊರಡುವ ಮುಂಚೆ ಮೊಹೆಲ್ ತಮ್ಮ ಮೊಬೈಲ್ ನಂಬರ್ ಕೊಟ್ಟಿದ್ದಾರಾ, ಮರುದಿನ ನೋಡಲು ಬರುತ್ತಾರಾ ಅಂತ ಖಚಿತ ಮಾಡಿಕೊಳ್ಳಿ. ನಮ್ಮವರು ಹೋಗುವ ಮುನ್ನ ಬಟ್ಟೆ ಬಿಚ್ಚಿ ನೋಡಿ, ಮರುದಿನವೂ ಬಂದರು. ಮಾದ ಮೇಲೆ ಉಳಿದ ಚರ್ಮ ತುದಿಗೆ ಅಂಟಿಕೊಳ್ಳದ ಹಾಗೆ ಡೈಪರ್ ಬದಲಿಸುವಾಗ ಹೇಗೆ ಮೆಲ್ಲಗೆ ಹಿಂದೆ ಸರಿಸಬೇಕು ಅಂತ ನಮ್ಮ ಕೈಯಿಂದಲೇ ಮಾಡಿಸಿ ತೋರಿಸಿದರು. ಒಂದು ತಿಂಗಳ ತಪಾಸಣೆಗೆ ಹೋದಾಗ ಮಕ್ಕಳ ಡಾಕ್ಟರ್ ಹತ್ತಿರ ಅದನ್ನೂ ಒಮ್ಮೆ ನೋಡಿಸಿ.